ಐದು ಚೀಟಿ

ನೆರೂಳ
ಮಂಗಳವಾರ, ೧ ಅಕ್ಟೋಬರ್ ೨೦೨೪

ಪ್ರೀತಿಯ ವೇದಕ್ಕ,

ಕರ್ತನ ನಾಮದಲ್ಲಿ ವಂದನೆಗಳು ಎಂದು ಬರೆದೇ ನಿಮಗೆ ಪತ್ರ ಶುರು ಮಾಡುವುದು ನನ್ನ ರೂಢಿ. ಈ ಸಲ ಆ ಸಾಲಿಗೆ ಪೆನ್ನು ಏಳಲಿಲ್ಲ. ಓದಿ ಮುಗಿಸಿದ ಮೇಲೂ ನನ್ನ ವಂದನೆ ನಿಮಗೆ ಬೇಕೆನಿಸಿದರೆ ಆಗ ತೆಗೆದುಕೊಳ್ಳಿ.

ಫೋನು ಇರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನೀವು ಕನ್ನಡಕ ಹುಡುಕುತ್ತಿರಬಹುದು. ಕಳೆದ ಗುರುವಾರ ನೀವು ಫೋನ್ ಮಾಡಿದ ಮೇಲೆ ಮೂರು ಸಲ ವಾಟ್ಸಾಪಿನಲ್ಲಿ ಬರೆದು ಕಳುಹಿಸಿದೆ, ಮೂರು ಸಲವೂ ನೀವು ನೋಡುವ ಮೊದಲೇ ಅಳಿಸಿದೆ. ಏನೋ ಕಳಿಸಿ ತೆಗೆದಿಯಲ್ಲ, ಏನದು ಎಂದು ನೀವು ಕೇಳಿದಾಗ ಮೊಮ್ಮಗನ ಕೈ ತಾಗಿತು ಎಂದೆ. ಎರಡು ವರ್ಷದ ಕೂಸಿನ ಮೇಲೆ ಸುಳ್ಳು ಹೊರಿಸುವ ಮಟ್ಟಕ್ಕೆ ಬಂದಿದ್ದೇನೆ. ಕಾಗದವಾದರೆ ಕೈಬಿಟ್ಟ ಮೇಲೆ ಅಳಿಸಲು ಬರುವುದಿಲ್ಲ. ಇದನ್ನು ನಮ್ಮ ಮನೆಯವರ ಕೈಯಲ್ಲೇ ಕೊಟ್ಟು ಕಳುಹಿಸುತ್ತೇನೆ. ಹಾದಿಯಲ್ಲಿ ಓದಬಾರದೆಂದು ಅಂಟಿಸಿಯೇ ಕೊಡುತ್ತೇನೆ.

ಫೋನಿನಲ್ಲಿ ನೀವು ಹೇಳಿದ್ದು ಇಷ್ಟು. ಬರುವ ಭಾನುವಾರ ಡೊಂಬಿವಲಿಯ ನಮ್ಮ ಕನ್ನಡ ಸಭೆಯಲ್ಲಿ ನಿಮ್ಮ ಮಗಳು ರಮಿತಾಳನ್ನು ದೇವರ ಸೇವೆಗೆ ಒಪ್ಪಿಸುವ ಪ್ರಾರ್ಥನೆ. ಅವಳು ಕಲ್ಯಾಣದ ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು, ಅಣ್ಣ ಯತಿನ್ ಇದ್ದ ಮೊಖಾಡದ ಹಾಸ್ಟೆಲಿಗೇ ಹೋಗುತ್ತಾಳೆ. ಯತಿನ್‌ನ ಸತ್ಯವೇದದಲ್ಲಿ ಸಿಕ್ಕಿದ ಹೊಸ ವರ್ಷದ ಚೀಟಿಯನ್ನು ಆ ದಿನ ಅವಳ ಕೈಯಲ್ಲಿಡಬೇಕು. ಬರೆದ ಕೈ ನನ್ನದಾದ್ದರಿಂದ ಇಡುವವಳೂ ನಾನೇ ಆಗಬೇಕು. ಆಯಿತು ವೇದಕ್ಕ ಎಂದು ಫೋನ್ ಇಟ್ಟೆ. ಒಲೆಯ ಮೇಲಿನ ಅನ್ನ ಸೀದು ಪಕ್ಕದ ಮನೆಯವರು ಬಾಗಿಲು ತಟ್ಟುವವರೆಗೆ ನನಗೆ ವಾಸನೆ ಬರಲಿಲ್ಲ.

ನಾನು ಬರುವುದಿಲ್ಲ. ಆ ಚೀಟಿ ರಮಿತಾಳ ಕೈಗೆ ಹೋಗಲೂಬಾರದು. ಅದನ್ನು ದೇವರು ಕಳುಹಿಸಿದ್ದಲ್ಲ. ನಾನು ಮಾಡಿದ ಮೋಸ ಅದು.

ಎಲ್ಲಿಂದ ಹೇಳಲಿ? ನಮ್ಮ ಮಾನಸಿ ಎಂಟು ತಿಂಗಳ ಮಗುವಾಗಿದ್ದಾಗ ಅವಳಿಗೆ ಮೆದುಳು ಜ್ವರ ಬಂದದ್ದು ನಿಮಗೆ ನೆನಪಿದೆಯಲ್ಲ. ಆಗ ಚಾಳಿನಲ್ಲಿ ನಿಮ್ಮ ಬಾಗಿಲಿಗೆದುರು ನಮ್ಮ ಬಾಗಿಲು. ನೀವು ಉಡುಪಿಯ ಕಡೆಯ ಉಪದೇಶಿಯ ಮಗಳು, ಸತ್ಯವೇದ ಕೈಯಲ್ಲಿ ಹಿಡಿದೇ ಅಪ್ಪ ನಿಮಗೆ ಹೆಸರಿಟ್ಟಿದ್ದರಂತೆ. ನಾನು ಕಿನ್ನಿಗೋಳಿಯ ಹತ್ತಿರದವಳು, ದೈವಕ್ಕೆ ತಂಬಿಲ ಕೊಡುವ ಮನೆಯ ಹುಡುಗಿ, ಮದುವೆಯಾಗಿ ಬಂದು ಎರಡು ವರ್ಷ. ಇವರಿಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ, ರಜೆ ಕೇಳಿದರೆ ಕೆಲಸವೇ ಹೋಗುತ್ತದೆಂಬ ಹೆದರಿಕೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಕುಳಿತವರು ನೀವು, ನಿಮ್ಮ ಸೆರಗು ಹಿಡಿದು ನಿಂತವನು ಮೂರು ವರ್ಷದ ಯತಿನ್. ನೀವು ಮಗುವಿನ ತಲೆಯ ಮೇಲೆ ಕೈಯಿಟ್ಟು, ನಿನ್ನ ಚಿತ್ತವಾದರೆ ಇವಳನ್ನು ಉಳಿಸು ಸ್ವಾಮಿ ಎಂದು ಪ್ರಾರ್ಥಿಸಿದಿರಿ. ನಿನ್ನ ಚಿತ್ತವಾದರೆ ಎಂಬ ಮಾತು ಕೇಳಿ ನನಗೆ ಸಿಟ್ಟೇ ಬಂತು. ಚಿತ್ತವಾಗದಿದ್ದರೆ ಏನು ಗತಿ? ನಾನು ಕಣ್ಣುಮುಚ್ಚಿ ನನಗೆ ಬರುತ್ತಿದ್ದ ಒಂದೇ ಪ್ರಾರ್ಥನೆ ಮಾಡಿದೆ. ಇವಳನ್ನು ಬದುಕಿಸು, ದೊಡ್ಡವಳಾದ ಮೇಲೆ ನಿನ್ನ ಕೆಲಸಕ್ಕೇ ಕೊಟ್ಟುಬಿಡುತ್ತೇನೆ ಎಂದೆ. ಅದು ಪ್ರಾರ್ಥನೆಯಲ್ಲ, ಹರಕೆ. ಮೂರನೆಯ ದಿನ ಜ್ವರ ಇಳಿಯಿತು.

ಎರಡು ವರ್ಷದ ಮೇಲೆ ನಾನು ದೀಕ್ಷಾಸ್ನಾನ ತೆಗೆದುಕೊಂಡೆ. ಪೂರ್ಣ ಹೃದಯದಿಂದ ಬರುತ್ತೀಯಾ ಎಂದು ಕೇಳಿದಾಗ ಹೌದು ಎಂದದ್ದು ಸುಳ್ಳಲ್ಲ ವೇದಕ್ಕ. ಯೇಸುವನ್ನು ನಾನು ಪ್ರೀತಿಸಿದೆ, ಈಗಲೂ ಪ್ರೀತಿಸುತ್ತೇನೆ. ಆದರೆ ಹರಕೆಯ ಭಯವನ್ನು ಮಾತ್ರ ತವರಿನಿಂದ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಮಾವನ ಕಾಲು ಸೋತದ್ದಕ್ಕೆ, ಗಬ್ಬದ ಹಸು ಬಾವಿಗೆ ಬಿದ್ದದ್ದಕ್ಕೆ, ಎಲ್ಲಕ್ಕೂ ನಮ್ಮ ಅಜ್ಜಿಯ ಹತ್ತಿರ ಒಂದೊಂದು ಮರೆತ ಹರಕೆಯ ಕಥೆ ಇರುತ್ತಿತ್ತು. ತೀರಿಸದ ಹರಕೆ ಕಾಯುತ್ತಾ ಕೂರುತ್ತದೆ, ಸಮಯ ನೋಡಿ ಮಕ್ಕಳ ಮೇಲೆ ಬರುತ್ತದೆ ಎನ್ನುತ್ತಿದ್ದಳು.

ನಮ್ಮ ಸೈದಪ್ಪ ಪಾಸ್ಟರಿಗೆ ಒಮ್ಮೆ ಇದನ್ನು ಹೇಳಿಕೊಂಡಿದ್ದೆ. ಅವರು ತಮ್ಮ ಕಲಬುರ್ಗಿ ಕಡೆಯ ಮಾತಿನಲ್ಲಿ, ‘ಹರಕಿ ಗಿರಕಿ ಅಂತ ನಮ್ಮಲ್ಲಿ ಏನೂ ಇಲ್ಲವ್ವಾ. ಕೂಸಿನ್ನ ಕೊಟ್ಟಾನ, ಉಣಿಸಿ ಬೆಳಸು. ಅಕೀ ಹೋಗೂದಿದ್ರ ಅಕೀನ ಕರಿತಾನ, ನಡಕ ನೀ ಯಾಕ?’ ಎಂದು ನಕ್ಕರು. ಇವರು ದೀಕ್ಷೆ ತೆಗೆದುಕೊಳ್ಳದವರು, ಇವರೂ ನಗುತ್ತಿದ್ದರು. ಮಗುವಿಗಾಗಿ ತಾನೂ ಕಟೀಲಿಗೆ ಹರಕೆ ಹೇಳಿದ್ದೆ, ಒಂದು ಹೂವಿನಪೂಜೆ ಮಾಡಿಸಿ ಮುಗಿಸಿಬಂದೆ, ನಿನ್ನದು ಮಾತ್ರ ಇನ್ನೂ ಎಳೆಯುತ್ತಿದೆ ಎಂದು ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ, ಹರಕೆಯನ್ನು ಮಾತ್ರ ಮರೆಯಲಿಲ್ಲ.

ಮಾನಸಿ ಬೆಳೆದಳು. ಹಾಡುತ್ತಾಳೆ, ಭಾನುವಾರ ಬರುತ್ತಾಳೆ, ಅಷ್ಟೆ. ಸೇವೆಗೀವೆಯ ಮಾತೆತ್ತಿದರೆ ಮೊಬೈಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ೨೦೧೬ರ ನವೆಂಬರಿನಲ್ಲಿ ಡೊಂಬಿವಲಿ ಸ್ಟೇಷನ್ನಿನಲ್ಲಿ ಓಡಿಹೋಗಿ ಲೋಕಲ್ ಹತ್ತುವಾಗ ಅವಳ ಕಾಲು ಜಾರಿತು. ಬಾಗಿಲಿನ ಹೆಂಗಸರು ಜಡೆ, ಕೈ, ಬ್ಯಾಗು, ಸಿಕ್ಕಿದ್ದನ್ನು ಹಿಡಿದು ಒಳಗೆಳೆದುಕೊಂಡರು. ಮನೆಗೆ ಬಂದು ತರಚಿದ ಮೊಣಕಾಲು ತೋರಿಸಿ ನಕ್ಕಳು. ನನಗೆ ಅಜ್ಜಿಯ ಮಾತು ಕಿವಿಯಲ್ಲೇ ಕೇಳಿತು. ದೇವರು ಹರಕೆ ಕೇಳಲು ಬಂದಿದ್ದಾನೆ, ಇನ್ನು ಬಿಡುವುದಿಲ್ಲ ಎಂದುಕೊಂಡೆ. ನನ್ನ ರಕ್ಷಕನನ್ನೇ ಬಾಗಿಲಿಗೆ ಬಂದು ನಿಂತ ವಸೂಲಿಯವನನ್ನಾಗಿ ಮಾಡಿದೆ ನೋಡಿ.

ಹೊಸ ವರ್ಷದ ಮೊದಲ ಆರಾಧನೆ ಮುಗಿದ ಮೇಲೆ ಡಬ್ಬಿಯಿಂದ ಒಬ್ಬೊಬ್ಬರೂ ಒಂದು ವಚನದ ಚೀಟಿ ಎತ್ತುವುದು, ಅದನ್ನು ಯಾರಿಗೂ ತೋರಿಸದೆ ಸತ್ಯವೇದದಲ್ಲಿಟ್ಟು ವರ್ಷವಿಡೀ ಅದರ ಮೇಲೆ ಪ್ರಾರ್ಥಿಸುವುದು ನಮ್ಮ ಸಭೆಯ ವಾಡಿಕೆ. ಮಂಗಳೂರಿನಿಂದ ಅಚ್ಚಿನ ಚೀಟಿ ಬರುವುದು ನಿಂತ ಮೇಲೆ ಬರೆಯುವ ಕೆಲಸ ನನಗೆ ಬಂತು. ನನ್ನ ಅಕ್ಷರ ಚೆಂದ ಎಂದು ನೀವೇ ನನ್ನ ಹೆಸರು ಹೇಳಿದಿರಿ. ದೊಡ್ಡವರ ಡಬ್ಬಿ ಬೇರೆ, ಹರೆಯದವರದು ಬೇರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅದಕ್ಕೆ ಅವರಿಗೆ ಮರಾಠಿ ಅಕ್ಷರದಲ್ಲಿ ಕನ್ನಡ ವಚನ ಬರೆಯುತ್ತಿದ್ದೆ. ಆಗ ಹರೆಯದವರೆಂದು ಇದ್ದದ್ದೇ ಐದು ಜನ. ಐದು ಚೀಟಿ.

ಆ ವರ್ಷ ಐದರಲ್ಲೂ ಒಂದೇ ವಚನ ಬರೆದೆ. ನನಗಾಗಿ ಹೋಗುವವರು ಯಾರು ಎಂದು ದೇವರು ಕೇಳಿದಾಗ ಪ್ರವಾದಿ ತನ್ನನ್ನೇ ಕಳುಹಿಸು ಎಂದು ಮುಂದೆ ಬಂದನಲ್ಲ, ಆ ವಚನ. ಮಾನಸಿ ಯಾವುದನ್ನೆತ್ತಿದರೂ ಅದೇ ಬರಬೇಕು. ಉಳಿದವರ ಪಾಲಿಗೂ ಬಂದರೆ ಬರಲಿ, ದೇವರ ವಾಕ್ಯ ತಾನೆ, ಕೆಟ್ಟದ್ದೇನಾಗುತ್ತದೆ ಎಂದುಕೊಂಡೆ. ತೋರಿಸಬಾರದೆಂಬ ವಾಡಿಕೆ ಇರುವಾಗ ಸಿಕ್ಕಿಬೀಳುವ ಭಯವೂ ಇರಲಿಲ್ಲ.

ಕ್ರಿಸ್ಮಸ್ಸಿಗೆ ಊರಿಗೆ ಹೋದ ಮೂವರು ಬಂದಿರಲಿಲ್ಲ. ಎತ್ತಿದವರು ಇಬ್ಬರೇ, ಮಾನಸಿ ಮತ್ತು ನಿಮ್ಮ ಯತಿನ್. ಮಾನಸಿ ಆರಾಧನೆ ನಡೆಯುವ ಶಾಲೆಯ ಗೇಟು ದಾಟುವ ಮೊದಲೇ ವಾಡಿಕೆ ಮುರಿದು ನನಗೆ ಓದಿ ಹೇಳಿದಳು. ‘ಅಮ್ಮಾ, ಇದು ಚೂರು ಓವರ್ ಆಯ್ತು. ಮೈ ತೋ ಬೇಲಾಪುರದ ತನಕವೂ ಹೋಗಲ್ಲ,’ ಎಂದು ನಕ್ಕಳು. ಆ ಚೀಟಿ ಅವಳ ಪರೀಕ್ಷೆಯ ಪುಸ್ತಕದಲ್ಲಿ ಗುರುತಿಗೆ ಕೆಲವು ದಿನ ಇತ್ತು, ಆಮೇಲೆ ರದ್ದಿಗೆ ಹೋಯಿತು. ಯತಿನ್ ತನ್ನದನ್ನು ಬಿಡಿಸಿ ಓದಿದ, ಮಡಚಿದ, ಅಂಗಿಯ ಜೇಬಿಗೆ ಹಾಕಿದ.

ಮೇ ತಿಂಗಳಲ್ಲಿ ಅವನು ಕಂಪನಿಯ ಕೆಲಸ ಬಿಡುತ್ತೇನೆ, ಆದಿವಾಸಿ ಮಕ್ಕಳ ಹಾಸ್ಟೆಲಿಗೆ ಪಾಠ ಹೇಳಲು ಹೋಗುತ್ತೇನೆ ಎಂದಾಗ ನೀವು ನಾಲ್ಕು ದಿನ ಉಣ್ಣಲಿಲ್ಲ. ಗಂಡನಿಲ್ಲದ ಮನೆ, ಮನೆಗೆ ಅವನೇ ಆಧಾರ, ರಮಿತಾ ಇನ್ನೂ ಹೈಸ್ಕೂಲು. ಹೋಗಬೇಡವೆಂದು ಹೇಳಿಸಲು ನೀವು ನನ್ನನ್ನೇ ಕರೆಸಿದಿರಿ. ಐದನೆಯ ದಿನ ಅವನ ಮೇಜು ಒರೆಸುವಾಗ ಸತ್ಯವೇದದಿಂದ ಚೀಟಿ ಬಿತ್ತು. ನೀವು ಅದನ್ನು ಕಣ್ಣಿಗೊತ್ತಿಕೊಂಡು, ಇನ್ನು ನಾನು ತಡೆದರೆ ದೇವರನ್ನೇ ತಡೆದಂತೆ ಎಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಅಡುಗೆಮನೆಗೆ ಹೋಗಿ ನಿಮಗೆ ಗಂಜಿ ಬಿಸಿ ಮಾಡಿ ತಂದೆ. ಅವತ್ತು ಒಂದು ಮಾತು ಹೇಳಿದ್ದರೆ ಯತಿನ್ ಇರುತ್ತಿದ್ದ.

ಎರಡು ವರ್ಷ ಅವನು ಅಲ್ಲಿ ಹೇಗಿದ್ದನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಹಾಸ್ಟೆಲಿನ ಹನ್ನೊಂದು ಮಕ್ಕಳಿಗೆ ಮಲೇರಿಯಾ ಬಂದಾಗ ಒಬ್ಬೊಬ್ಬರನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ತನ್ನ ಮೈ ಸುಡುತ್ತಿರುವುದನ್ನು ಯಾರಿಗೂ ಹೇಳಲಿಲ್ಲ. ಹನ್ನೊಂದೂ ಮಕ್ಕಳು ಉಳಿದವು. ಅವನನ್ನು ಕಲ್ಯಾಣಕ್ಕೆ ತಂದು ಮಣ್ಣು ಮಾಡಿದ ದಿನ ನೀವು ಎಲ್ಲರೆದುರು ನನ್ನ ಬಲಗೈ ಹಿಡಿದು ಮುತ್ತಿಟ್ಟಿರಿ. ‘ಈ ಕೈಯಿಂದ ದೇವರು ಬರೆಸಿದ, ಹರಿಣಿ. ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ,’ ಎಂದಿರಿ. ಅದಾದ ಮೇಲೆ ಆ ಕೈ ನನ್ನದೆಂದು ನನಗೆ ಅನ್ನಿಸಿಲ್ಲ.

ನೀವು ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಅದರ ಫೋಟೋವನ್ನೇ ಫೋನಿಗೆ ಹಚ್ಚಿಕೊಂಡಿರಿ. ದಿನಾ ಬೆಳಿಗ್ಗೆ ನಿಮ್ಮ ಶುಭೋದಯದ ಜೊತೆ ನನ್ನ ಅಕ್ಷರ ನನ್ನನ್ನು ನೋಡುತ್ತದೆ. ಫೋನನ್ನು ಮಗುಚಿಟ್ಟು ಚಹಾ ಕುಡಿಯುತ್ತೇನೆ. ಮಗುಚಿಟ್ಟರೂ ಅದು ಅಲ್ಲಿದೆ ಎಂದು ಗೊತ್ತಿರುತ್ತದೆ. ಮಾನಸಿಯ ಮದುವೆಯಾದ ಮೇಲೆ ನಾವು ನೆರೂಳಿಗೆ ಬಂದದ್ದು ಮಗಳ ಮನೆ ಹತ್ತಿರವೆಂದಲ್ಲ, ಆ ಮೆಟ್ಟಿಲು, ಆ ಬಾಗಿಲು ಬಿಟ್ಟರೆ ಸಾಕೆಂದು. ಬಿಟ್ಟು ಬಂದದ್ದು ಮನೆಯನ್ನು ಮಾತ್ರ. ಯತಿನ್ ಬೆಲ್ಲನ್ನು ಎರಡು ಸಲ ಚಿಕ್ಕದಾಗಿ ಒತ್ತುತ್ತಿದ್ದನಲ್ಲ, ಇಲ್ಲಿಯೂ ಸಂಜೆ ಹೊತ್ತು ಹಾಗೆ ಕೇಳುತ್ತದೆ. ಇವರು ಹೋಗಿ ಬಾಗಿಲು ತೆಗೆಯುತ್ತಾರೆ, ಯಾರೂ ಇಲ್ಲ ಮಾರಾಯ್ತಿ ಎನ್ನುತ್ತಾರೆ. ಸ್ಟೇಷನ್ನಿನ ಸೇತುವೆಯ ಮೇಲೆ ನೀಲಿ ಬ್ಯಾಗಿನ ಒಬ್ಬ ಹುಡುಗ ಅವನಂತೆಯೇ ಎಡಗಾಲು ಎಳೆದು ನಡೆಯುತ್ತಾನೆ. ಒಂದು ದಿನ ಅವನ ಹಿಂದೆ ಟಿಕೆಟ್ಟಿಲ್ಲದೆ ಥಾಣೆಯ ತನಕ ಹೋದೆ. ಇಳಿಯುವಾಗ ತಿರುಗಿದ, ಮುಖ ಬೇರೆ. ಆ ಮುಖವನ್ನು ನೋಡಿ ನನಗೆ ಅಳು ಬಂತು, ಅವನು ಗಾಬರಿಯಾಗಿ ಪಾನೀ ಚಾಹಿಯೇ ಕ್ಯಾ ಎಂದು ಕೇಳಿದ.

ಇಲ್ಲಿಯ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕರ್ತನ ಭೋಜನದ ತಟ್ಟೆ ಹತ್ತಿರ ಬರುವಾಗ ಕೆಮ್ಮು ಬಂದವಳಂತೆ ಸೆರಗು ಬಾಯಿಗಿಟ್ಟು ಹೊರಗೆ ನಡೆಯುತ್ತೇನೆ. ಐದು ವರ್ಷದಿಂದ ರೊಟ್ಟಿ ಮುಟ್ಟಿಲ್ಲ. ಒಬ್ಬ ತಾಯಿಯ ಮಗನನ್ನು ನನ್ನ ಮಗಳಿಗೆ ಬದಲಾಗಿ ಕೊಟ್ಟವಳು ಆ ತಟ್ಟೆಗೆ ಹೇಗೆ ಕೈ ಹಾಕಲಿ? ಹೌದು, ಹಾಗೆಯೇ ಬರೆಯುತ್ತೇನೆ. ಹರಕೆ ನನ್ನದು, ಹೋದದ್ದು ನಿಮ್ಮ ಮಗು. ಮಾನಸಿ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಾಗ ನನಗೆ ಸಂತೋಷವಾಗುತ್ತದೆ, ಸಂತೋಷವಾದದ್ದಕ್ಕೆ ಹೆದರಿಕೆಯಾಗುತ್ತದೆ.

ಯತಿನ್‌ಗೆ ಇದೊಂದೂ ಗೊತ್ತಿರಲಿಲ್ಲ. ದೇವರೇ ಕರೆದನೆಂದು ನಂಬಿ ಹೋದ. ಆ ನಂಬಿಕೆಯಲ್ಲೇ ಕಣ್ಣುಮುಚ್ಚಿದನಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ನೀವು ಕರೆಯದಿದ್ದರೆ ಇದನ್ನು ಹೊತ್ತೇ ಸಾಯುತ್ತಿದ್ದೆನೋ ಏನೋ. ನಿಮಗಿರುವ ಊರುಗೋಲು ಆ ಚೀಟಿಯೊಂದೇ, ಅದನ್ನೂ ಕಸಿಯುವುದು ಎಂಥ ಪಾಪ ಎಂದು ಸುಮ್ಮನಿದ್ದೆ. ಆದರೆ ಶನಿವಾರ ರಮಿತಾ ಮಾನಸಿಗೆ ಫೋನ್ ಮಾಡಿ ಅತ್ತಿದ್ದಾಳೆ. ‘ದೀದಿ, ಮುಝೆ ನಹೀ ಜಾನಾ. ಪರ್ ಮಮ್ಮಿ ಭೈಯಾ ಕಾ ಕಾರ್ಡ್ ದಿಖಾತೀ ಹೈ ತೋ ಮೇರಾ ಮುಂಹ್ ಬಂದ್ ಹೋ ಜಾತಾ ಹೈ,’ ಎಂದಳಂತೆ. ಅಣ್ಣನ ಚೀಟಿ ಕಂಡರೆ ಹೋಗಲಾರೆ ಎನ್ನಲೂ ಬಾಯಿ ಬರುವುದಿಲ್ಲವಂತೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಅವಳ ಕೆಲಸ. ಅಂಗೈಯಷ್ಟು ಕೂಸಿಗೆ ಹನಿ ಹನಿ ಹಾಲು ಕುಡಿಸಿ ಮನೆಗೆ ಕಳುಹಿಸುವಾಗ ತಾನು ದೇವರ ಹತ್ತಿರ ಇದ್ದಂತೆ ಅನ್ನಿಸುತ್ತದೆ, ಅದನ್ನು ಬಿಡಲು ಮನಸ್ಸಿಲ್ಲ, ಮಮ್ಮಿಗೆ ಹೇಗೆ ಹೇಳಲಿ ಎಂದಳಂತೆ. ಗುಟ್ಟಾಗಿ ಹೇಳಿದ್ದನ್ನು ನಾನು ರಟ್ಟು ಮಾಡುತ್ತಿದ್ದೇನೆ. ಅವಳ ಮೇಲೆ ಸಿಟ್ಟಾಗಬೇಡಿ. ಅವಳಿಗೆ ಕರೆ ಬಂದದ್ದು ಆ ವಾರ್ಡಿನಲ್ಲೇ ಇರಬಹುದು, ನಾವು ಯಾರು ನಡುವೆ? ಇದು ಸೈದಪ್ಪ ಪಾಸ್ಟರ ಮಾತು. ಅವತ್ತು ಕೇಳಿಸಿಕೊಳ್ಳದೆ ಇವತ್ತು ನಿಮಗೆ ಹೇಳುತ್ತಿದ್ದೇನೆ.

ಚೀಟಿ ತ್ರಾಸಾದರೆ ಹರಿದುಹಾಕಿ, ಇಟ್ಟುಕೊಳ್ಳಬೇಕೆನಿಸಿದರೆ ಇಟ್ಟುಕೊಳ್ಳಿ. ರಮಿತಾಳಿಗೆ ಮಾತ್ರ ಕೊಡಬೇಡಿ. ಸಭೆಯೆದುರು ನಿಂತು ಇದನ್ನೆಲ್ಲ ಹೇಳು ಎಂದರೆ ಭಾನುವಾರ ಬಂದು ಹೇಳುತ್ತೇನೆ. ಮುಖ ತೋರಿಸಬೇಡ ಎಂದರೆ ಅದೂ ಸರಿ. ಕ್ಷಮಿಸಿ ಎಂದು ಬರೆಯುವುದಿಲ್ಲ, ಬರೆದರೆ ನೀವು ಕ್ಷಮಿಸಿಬಿಡುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು.

ನಿಮ್ಮವಳೆಂದು ಬರೆಯಲು ಅಂಜುವ,
ಹರಿಣಾಕ್ಷಿ

ತಾ.ಕ.: ಅಂಟಿಸಿ ಇವರ ಚೀಲದಲ್ಲಿ ಇಟ್ಟಿದ್ದೆ, ಮತ್ತೆ ತೆಗೆದು ಒಡೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಯತಿನ್‌ಗೆ ಎಲ್ಲ ಗೊತ್ತಿತ್ತು. ಆ ಹೊಸ ವರ್ಷದ ದಿನ ಡಬ್ಬಿ ಎತ್ತಿಟ್ಟವನು ಅವನೇ, ಉಳಿದ ಮೂರು ಚೀಟಿಗಳನ್ನೂ ಬಿಡಿಸಿ ನೋಡಿದ್ದ. ನೀವು ಒಪ್ಪಿದ ಮಾರನೆಯ ದಿನ ನಮ್ಮ ಮನೆಗೆ ಬಂದು ಅವನ್ನು ನನ್ನೆದುರು ಇಟ್ಟ. ಬೈಯಲಿಲ್ಲ. ಯಾಕೆ ಎಂದು ಕೇಳಿದ, ಹರಕೆಯ ವಿಷಯ ಹೇಳಿದೆ. ‘ಆಂಟಿ, ಮಾನಸಿಯನ್ನು ಬಿಟ್ಟುಬಿಡಿ. ಅವಳಿಗೆ ಮನಸ್ಸಿಲ್ಲ, ನನಗುಂಟು. ಕಾಲೇಜಿನಿಂದಲೇ ಉಂಟು, ಚೀಟಿಯಿಂದ ಅಲ್ಲ. ಆದರೆ ಅಮ್ಮ ಹೂಂ ಅಂದದ್ದು ಚೀಟಿ ನೋಡಿ. ವೋ ಗಲತ್ ಹೈ, ತಪ್ಪು. ನೀವು ಅಮ್ಮನಿಗೆ ಸತ್ಯ ಹೇಳಿ. ಹೇಳಿದ ಮೇಲೂ ಹೋಗು ಅಂದ್ರೆ ಹೋಗ್ತೇನೆ, ಬೇಡ ಅಂದ್ರೆ ನಿಲ್ತೇನೆ,’ ಎಂದ. ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವನು ಮೆಟ್ಟಿಲಿಳಿದ ಮೇಲೆ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದೆ, ನನ್ನ ಮಗಳು ಉಳಿದಳೆಂದು.

ನಿಮಗೆ ಹೇಳಲಿಲ್ಲ. ಅವನು ಹೊರಡಲು ಹನ್ನೊಂದು ದಿನವಿತ್ತು, ಒಂದು ದಿನವೂ ಹೇಳಲಿಲ್ಲ. ಹಾಸ್ಟೆಲಿನ ಜೀಪು ಥಾಣೆಯ ಮಾಜಿವಾಡಾದಲ್ಲಿ ಅವನನ್ನು ಹತ್ತಿಸಿಕೊಳ್ಳಲು ನಿಂತಾಗ, ನೀವು ಡ್ರೈವರನ ಹತ್ತಿರ ಚಕ್ಕುಲಿ ಡಬ್ಬ ಮಗುಚದಂತೆ ಇಡಪ್ಪ ಎನ್ನುತ್ತಿದ್ದಿರಿ. ಯತಿನ್ ನನ್ನ ಹತ್ತಿರ ಬಂದು, ‘ಅಮ್ಮನಿಗೆ ಹೇಳಿದ್ರಾ?’ ಎಂದು ಮೆಲ್ಲಗೆ ಕೇಳಿದ. ಹೇಳಿದೆ, ಎಲ್ಲ ಕೇಳಿಯೂ ಸಂತೋಷದಿಂದ ಹೋಗಲಿ ಎಂದರು ಎಂದೆ. ಅವನು ಸ್ವಲ್ಪ ಹೊತ್ತು ನಿಮ್ಮನ್ನೇ ನೋಡುತ್ತಾ ನಿಂತ. ಆಮೇಲೆ ಓಡಿಬಂದು ನಿಮ್ಮನ್ನು ತಬ್ಬಿಕೊಂಡು ಥ್ಯಾಂಕ್ಯೂ ಅಮ್ಮ ಎಂದ. ನಾಲ್ಕು ಚಕ್ಕುಲಿಗೆ ಯಾಕೋ ಇಷ್ಟು ದೊಡ್ಡ ಥ್ಯಾಂಕ್ಯೂ ಎಂದು ನೀವು ನಕ್ಕಿರಿ. ಚಕ್ಕುಲಿಗಲ್ಲ, ವೇದಕ್ಕ.